ಅಮ್ಮಮ್ಮನ ಪೆಟ್ಟಿಗೆ, ಅಜ್ಜನ ವಾಚು: ಮಾರುವ ಮೊದಲು ಏನು ನೋಡಿಕೊಳ್ಳಬೇಕು?

ಕೇಳಿದವರು, ಶಿರಸಿ ಹತ್ತಿರದ ಹಳ್ಳಿಯಿಂದ:

ಅಮ್ಮಮ್ಮ ಹೋಗಿ ವರ್ಷ ತುಂಬಿತು. ಹೋದ ವಾರ ಆಯಿ (ನನ್ನ ಅಮ್ಮ), ಇಬ್ಬರು ಮಾವಂದಿರು ಸೇರಿ ಪೆಟ್ಟಿಗೆ ತೆಗೆದರು. ಒಂದು ಜೋಮಾಲೆ, ಒಂದು ಪುತಳಿ ಸರ, ಕೆಂಪಿನ ಬೆಂಡೋಲೆ, ಒಂದು ಜೊತೆ ಬುಗುಡಿ, ನಾಲ್ಕು ಬಳೆ. ಅಡಿಯಲ್ಲಿ ಪಂಜಿಯ ತುಂಡಿನಲ್ಲಿ ಸುತ್ತಿಟ್ಟ ಎರಡು ವಾಚು: ಅಜ್ಜನ ಕೀಲಿ ಕೊಡುವ ಒಮೆಗಾ, ಇನ್ನೊಂದು ಎಚ್‌ಎಂಟಿ ಜನತಾ. ಯಾವುದಕ್ಕೂ ಬಿಲ್ ಇಲ್ಲ. ಕೊಳೆರೋಗಕ್ಕೆ ಅರ್ಧ ಅಡಿಕೆ ಹೋಗಿದೆ, ಹಾಗಾಗಿ ಸ್ವಲ್ಪವಾದರೂ ಮಾರಲೇಬೇಕು. ಪೇಟೆಯ ಒಂದು ಅಂಗಡಿಯಲ್ಲಿ ತೋರಿಸಿದೆ. ಅವರು ಎಲ್ಲವನ್ನೂ ಒಟ್ಟಿಗೆ ತಕ್ಕಡಿಗೆ ಹಾಕಿದರು, "ಹಳೇದು, ಮೂರರಲ್ಲಿ ಒಂದು ಪಾಲು ಹೋಗ್ತು" ಎಂದು ಒಂದು ಮೊತ್ತ ಹೇಳಿದರು. ವಾಚುಗಳಿಗೆ, "ಬೇಕಾದ್ರೆ ಎರಡು ಸಾವಿರ ಸೇರಿಸ್ತೆ" ಅಂದರು. ಎದ್ದು ಬಂದೆ. ಇಂಥದ್ದು ಮಾರಿದವರು, ಕೊಂಡವರು ಅನುಭವ ಹೇಳಿ.

ಕುಮಟಾದಿಂದ, ಚಿನ್ನದ ಕೆಲಸದ ಮನೆಯವರು:

ಎದ್ದು ಬಂದಿದ್ದು ಒಳ್ಳೇದಾಯಿತು. ನಮ್ಮದು ಮೂರು ತಲೆಮಾರಿನ ಶೇಟ್ ಕುಟುಂಬ, ಆದ್ದರಿಂದ ನಮ್ಮವರ ಗುಟ್ಟನ್ನೇ ಬಿಚ್ಚುತ್ತಿದ್ದೇನೆ, ಬೈಯಬೇಡಿ.

ಮೊದಲನೆಯದು, ಎಲ್ಲವನ್ನೂ ಒಟ್ಟಿಗೆ ತೂಗಲು ಬಿಡಲೇಬೇಡಿ. ನಿಮ್ಮ ಪೆಟ್ಟಿಗೆಯಲ್ಲಿ ಇರುವುದು ಒಂದೇ ಚಿನ್ನ ಅಲ್ಲ, ನಾಲ್ಕೈದು ಬಗೆಯ ಚಿನ್ನ. ಜೋಮಾಲೆಯ ಗುಂಡು ಟೊಳ್ಳು, ಒಳಗೆ ಅರಗು ತುಂಬಿರುತ್ತದೆ. ತಗಡು ತೆಳು, ತೂಕದಲ್ಲಿ ಅರಗಿನ ಪಾಲು ದೊಡ್ಡದು. ಅಂಗಡಿಯವರು ಕಳೆಯುವುದು ಇಲ್ಲಿ ನ್ಯಾಯವೇ. ಆದರೆ ಅದೇ ಲೆಕ್ಕವನ್ನು ಬಳೆಗೂ ಹಾಕಿದರೆ? ಗಟ್ಟಿ ಬಳೆಯಲ್ಲಿ ಅರಗು ಎಲ್ಲಿಂದ ಬಂತು?

ಪುತಳಿ ಸರವನ್ನು ಬೇರೆಯೇ ಇಡಿ. ಪುತಳಿ ಅಂದರೆ ಮೂಲದಲ್ಲಿ ವೆನಿಸ್ ನಗರದ ಡುಕಾಟ್ ನಾಣ್ಯ, ಸುಮಾರು ಮೂರೂವರೆ ಗ್ರಾಂ, ಹೆಚ್ಚುಕಡಿಮೆ ಅಪ್ಪಟ ಚಿನ್ನ. ಅದರಲ್ಲಿ ಒಬ್ಬ ಸಂತನ ಎದುರು ಮಂಡಿಯೂರಿದ ದೊರೆಯ ಚಿತ್ರ ಇರುತ್ತದೆ. ನಮ್ಮ ಕಡೆ ಅದನ್ನೇ ರಾಮ ಸೀತೆ ಅಂದುಕೊಂಡರು. ಆಮೇಲೆ ಊರಿನ ಕೆಲಸಗಾರರು ಅಚ್ಚು ಹೊಡೆದು ತೆಳು ಪುತಳಿ ಮಾಡತೊಡಗಿದರು. ಹೆಚ್ಚಿನ ಮನೆಗಳಲ್ಲಿ ಇರುವುದು ಈ ಎರಡನೆಯದೇ. ಆದರೂ ಒಂದೊಂದೇ ನಾಣ್ಯವನ್ನು ತೂಗಿ ನೋಡಿ. ಮೂವತ್ತರ ನಡುವೆ ಎರಡು ಅಸಲಿ ಡುಕಾಟ್ ಇದ್ದರೆ, ಕರಗಿಸಿದ ಕೂಡಲೇ ಅದೂ ಉಳಿದದ್ದರ ಜೊತೆ ಸೇರಿ ಹೋಯಿತು. ಕೊಂಡಿ ಬೆಸೆದ ನಾಣ್ಯಕ್ಕೆ ಸಂಗ್ರಹಕಾರರು ಕಡಿಮೆ ಕೊಡುತ್ತಾರೆ, ಆದರೂ ಚಿನ್ನದ ಶುದ್ಧತೆ ಅದರಲ್ಲೇ ಇರುತ್ತದಲ್ಲ.

ಈಗ ಮುಖ್ಯ ವಿಷಯ. ಟಂಚ್, ಅಂದರೆ ನೂರರಲ್ಲಿ ಎಷ್ಟು ಪಾಲು ಅಪ್ಪಟ ಚಿನ್ನ ಅನ್ನುವುದು, ನೋಡಿದ ಮೇಲೆ ಯಾವ ದರ ಹಾಕುತ್ತಾರೆ ಅನ್ನುವುದನ್ನು ಗಮನಿಸಿ. ಉದಾಹರಣೆಗೆ ಒಂದು ಸರ 40 ಗ್ರಾಂ. ಅರಗು, ಕಲ್ಲು ಎಲ್ಲ ಸೇರಿ 8 ಗ್ರಾಂ ಕಳೆದರೆ 32 ಉಳಿಯಿತು. ಟಂಚ್ 84 ಬಂತು. 32ಕ್ಕೆ 84 ಪರ್ಸೆಂಟ್ ಅಂದರೆ 26.88 ಗ್ರಾಂ ಅಪ್ಪಟ ಚಿನ್ನ. ಇದಕ್ಕೆ 24 ಕ್ಯಾರೆಟ್ ದರ ಕೊಡಬೇಕು. 22 ಕ್ಯಾರೆಟ್ ದರ ಕೊಡುವುದಾದರೆ 26.88 ಅನ್ನು 0.916ರಿಂದ (22 ಕ್ಯಾರೆಟ್‌ನಲ್ಲಿ ಇರುವ ಅಪ್ಪಟ ಚಿನ್ನದ ಪಾಲು) ಭಾಗಿಸಿ 29.34 ಗ್ರಾಂಗೆ ಕೊಡಬೇಕು. ಕೆಲವರು ಏನು ಮಾಡುತ್ತಾರೆ? 26.88 ಗ್ರಾಂಗೆ 22 ಕ್ಯಾರೆಟ್ ದರ ಹಾಕುತ್ತಾರೆ. ಕಲಬೆರಕೆಯನ್ನು ಒಮ್ಮೆ ತೂಕದಲ್ಲಿ, ಇನ್ನೊಮ್ಮೆ ದರದಲ್ಲಿ ಕಳೆದಂತಾಯಿತು. ಸುಮಾರು ಎರಡೂವರೆ ಗ್ರಾಂ ನಿಮ್ಮ ಕಣ್ಣೆದುರೇ ಮಾಯ. ಅದರ ಮೇಲೆ "ಕರಗಿಸುವಾಗ ಸವಕಲಿ" ಅಂತ ಮತ್ತೆ ಒಂದೆರಡು ಪರ್ಸೆಂಟ್. ಕ್ಯಾಲ್ಕುಲೇಟರ್ ನಿಮ್ಮ ಕೈಯಲ್ಲಿ ಇರಲಿ, ಅವರ ಕೈಯಲ್ಲಿ ಅಲ್ಲ.

ತೊಲದ ಮಾತಿಗೂ ಹೀಗೇ. ನಿಮ್ಮ ಅಮ್ಮಮ್ಮ "ನಾಲ್ಕು ತೊಲ" ಅಂದಿದ್ದರೆ ಅದು ಹಳೆ ಲೆಕ್ಕ, ತೊಲಕ್ಕೆ 11.66 ಗ್ರಾಂ. ಈಗ ಅಂಗಡಿಯಲ್ಲಿ ತೊಲ ಅಂದರೆ 10 ಗ್ರಾಂ. ತೂಕ ಹೊಂದಲಿಲ್ಲವೆಂದು ಮನೆಯವರನ್ನೇ ಅನುಮಾನಿಸಿದ ಕುಟುಂಬ ನನಗೆ ಗೊತ್ತು.

ಹೊನ್ನಾವರದಿಂದ:

ಶೇಟ್ರು ಹೇಳಿದ್ದು ಸರಿ. ನನ್ನದೊಂದು ಸೇರಿಸುತ್ತೇನೆ. ಮೆಷಿನ್‌ನಲ್ಲಿ ಇಟ್ಟು ಕ್ಷಣದಲ್ಲಿ ಟಂಚ್ ತೋರಿಸುತ್ತಾರಲ್ಲ, ಅದು ಮೇಲ್ಮೈಯನ್ನು ಮಾತ್ರ ನೋಡುತ್ತದೆ. ನನ್ನ ಅತ್ತೆಯ ಬಳೆಗೆ ಒಂದು ಕಡೆ 90, ಬೆಸುಗೆ ಹಾಕಿದ ಜಾಗದಲ್ಲಿ 78 ಬಂತು. ಅಂಗಡಿಯವರು ಯಾವುದನ್ನು ಹಿಡಿದರು ಅಂತ ನಾನು ಹೇಳಬೇಕಾಗಿಲ್ಲ. ಮೂರು ನಾಲ್ಕು ಕಡೆ ಹಿಡಿಯಲು ಹೇಳಿ. ಇಲ್ಲವೆಂದರೆ ನಿಮ್ಮೆದುರೇ ಕರಗಿಸಿ, ಗಟ್ಟಿಯ ಟಂಚ್ ನೋಡಲಿ. ಆದರೆ ಕರಗಿದ ಮೇಲೆ ಹಿಂದೆ ಬರುವ ದಾರಿ ಇಲ್ಲ. ನಾನು ಬುಗುಡಿ ಕರಗಿಸಿ ಸಿಕ್ಕಿದ ದುಡ್ಡಿನಲ್ಲಿ ವಾಷಿಂಗ್ ಮೆಷಿನ್ ತಂದೆ. ಮೆಷಿನ್ ಹಾಳಾಗಿ ಆರು ವರ್ಷ ಆಯಿತು, ಈಗ ಮಗಳ ಮದುವೆಗೆ ಅಂಥದ್ದೇ ಬುಗುಡಿ ಮಾಡಿಸಲು ಹೊರಟರೆ ಆ ಕೆಲಸ ಮಾಡುವವರೇ ಸಿಗುತ್ತಿಲ್ಲ.

ಅಂಕೋಲಾದಿಂದ:

ಭಾವನೆ ಬದಿಗಿಡಿ ಮಾರಾಯ್ರೆ. ಸಾಲದ ಬಡ್ಡಿ ಬೆಳೆಯುತ್ತಿರುವಾಗ ಬುಗುಡಿ ಇಟ್ಟುಕೊಂಡು ಪೂಜೆ ಮಾಡುವುದೇ? ನಮ್ಮ ಕಡೆ ಕೆಲಸಗಾರಿಕೆಗೆ ದುಡ್ಡು ಕೊಡುವ ಗಿರಾಕಿ ಎಲ್ಲಿದ್ದಾನೆ? ತೂಕಕ್ಕೆ ಮಾರಿ ಮುಗಿಸಿ.

ಶಿರಸಿಯಿಂದ ಮತ್ತೊಬ್ಬರು:

ಅಂಕೋಲಾದವರು ಒರಟಾಗಿ ಹೇಳಿದರೂ ಸುಳ್ಳು ಹೇಳಿಲ್ಲ. ಶಿರಸಿಯಲ್ಲಿ, ಕಾರವಾರದಲ್ಲಿ ಕೊಳ್ಳುವವನ ಕಣ್ಣಿಗೆ ಕಾಣುವುದು ತಕ್ಕಡಿ ಒಂದೇ. ಆದ್ದರಿಂದ ವಿಂಗಡಿಸಿ. ಬಳೆಯನ್ನು ಚಿನ್ನವಾಗಿ ಮಾರಿ, ಅದರಲ್ಲಿ ಕೆಲಸ ಕಡಿಮೆ. ಜೋಮಾಲೆ ಕರಗಿಸಿದರೆ ಅರಗು ಹೋಗಿ ಸಿಕ್ಕುವುದು ಅಷ್ಟಕ್ಕಷ್ಟೇ, ಹಾಗಾಗಿ ಕೊನೆಗೆ ಇಡಿ. ಬೆಂಡೋಲೆ, ಬುಗುಡಿಯನ್ನು ಹಾಗೆಯೇ ಕೊಳ್ಳುವವರು ಬೆಂಗಳೂರಿನಲ್ಲಿ, ಮುಂಬೈನಲ್ಲಿ ಸಿಗುತ್ತಾರೆ, ಆದರೆ ಅವಸರ ಇದ್ದವರಿಗೆ ಅದು ಆಗುವ ಕೆಲಸವಲ್ಲ.

ಕೆಂಪು ಕಲ್ಲನ್ನು ಹಳೆಯದು ಅಂದಮಾತ್ರಕ್ಕೆ ಬರ್ಮಾ ಕೆಂಪು ಅಂದುಕೊಳ್ಳಬೇಡಿ. ಕಾರ್ಖಾನೆಯಲ್ಲಿ ಮಾಡಿದ ಮಾಣಿಕ್ಯ 1900ರ ದಶಕದಲ್ಲೇ ಪೇಟೆಗೆ ಬಂದಿದೆ. ನೂರು ವರ್ಷದ ಓಲೆಯಲ್ಲೂ ಅದು ಇರಬಹುದು. ಹಾಗೆಂದು ಕಲ್ಲನ್ನು "ಗಾಜು" ಅಂತ ಕಿತ್ತು ಅಂಗಡಿಯವರ ಡಬ್ಬಿಗೆ ಹಾಕಿಸಿಕೊಂಡು ಬರಬೇಡಿ. ಕಿತ್ತ ಕಲ್ಲು ನಿಮ್ಮದು, ಎಣಿಸಿ ಪೊಟ್ಟಣ ಕಟ್ಟಿಸಿಕೊಳ್ಳಿ.

ಬಳೆ ಯಾವ ಕಾಲದ್ದು ಅಂತ ಆಯಿಯ ಹತ್ತಿರ ಕೇಳಿ. 1963ರಲ್ಲಿ ಮೊರಾರ್ಜಿ ದೇಸಾಯಿ ಹಣಕಾಸು ಮಂತ್ರಿಯಾಗಿದ್ದಾಗ ಚಿನ್ನ ನಿಯಂತ್ರಣ ಬಂತು, 14 ಕ್ಯಾರೆಟ್‌ಗಿಂತ ಮೇಲಿನ ಒಡವೆ ಮಾಡಬಾರದು ಅಂತ. ಕೆಲವು ವರ್ಷ ನಡೆಯಿತು. ಆಗ ಮಾಡಿಸಿದ್ದಾಗಿದ್ದರೆ ಟಂಚ್ 58-60 ಬಂದರೂ ಅಂಗಡಿಯವರನ್ನು ಬೈಯುವ ಹಾಗಿಲ್ಲ.

ಕಾರವಾರದಿಂದ, ಬ್ಯಾಂಕಿನಿಂದ ನಿವೃತ್ತರಾದವರು:

ಬಿಲ್ ಇಲ್ಲ ಎಂಬ ಭಯ ಬೇಡ ತಮ್ಮಾ. ಮನೆಯಲ್ಲಿ ಬಂದ ಚಿನ್ನಕ್ಕೆ ಬಿಲ್ ಎಲ್ಲಿಂದ ತರುವುದು? ಆದಾಯ ತೆರಿಗೆಯವರ ಶೋಧದ ವೇಳೆ ಮದುವೆಯಾದ ಹೆಂಗಸಿಗೆ 500 ಗ್ರಾಂ, ಮದುವೆಯಾಗದವಳಿಗೆ 250, ಗಂಡಸಿಗೆ 100 ಗ್ರಾಂವರೆಗಿನ ಒಡವೆ ಜಪ್ತಿ ಮಾಡಬಾರದು ಎಂದು ತೆರಿಗೆ ಮಂಡಳಿ 1994ರಲ್ಲೇ ಸೂಚನೆ ಕೊಟ್ಟಿದೆ. ಆದರೆ ಮಾರಾಟದ ಲೆಕ್ಕ ಬೇರೆ. ಲಾಭದ ಮೇಲೆ ತೆರಿಗೆ ಉಂಟು. 23 ಜುಲೈ 2024ರಿಂದ ಈಚೆಗೆ ದೀರ್ಘಾವಧಿಯದ್ದಕ್ಕೆ 12.5 ಪರ್ಸೆಂಟ್. ಅಮ್ಮಮ್ಮ ಇಟ್ಟುಕೊಂಡಿದ್ದ ವರ್ಷಗಳೂ ನಿಮ್ಮ ಲೆಕ್ಕಕ್ಕೆ ಸೇರುತ್ತವೆ. ಕೊಂಡ ಬೆಲೆಯ ಬದಲು 1 ಏಪ್ರಿಲ್ 2001ರ ಬೆಲೆ ಹಿಡಿಯಬಹುದು, ಆಗ 10 ಗ್ರಾಂಗೆ ನಾಲ್ಕು ಸಾವಿರದ ಚಿಲ್ಲರೆ ಇತ್ತು. ಹಳೆಯದು ಕೊಟ್ಟು ಹೊಸದು ತಂದರೂ ಕಾನೂನಿನ ಕಣ್ಣಿಗೆ ಅದು ಮಾರಾಟವೇ. ಇದನ್ನು ಬಹಳ ಜನ ಮರೆಯುತ್ತಾರೆ.

ಎರಡು ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದಾಗಿ ಪಡೆಯಬೇಡಿ, ದಂಡ ಬೀಳುವುದು ಪಡೆದವರಿಗೆ. ಖಾತೆಗೆ ಹಾಕಿಸಿಕೊಳ್ಳಿ. "ಬಿಲ್ ಇಲ್ಲದೆ ನಗದು ತಗೊಂಡ್ರೆ ಗ್ರಾಂಗೆ ಇಷ್ಟು ಹೆಚ್ಚು" ಅನ್ನುವ ಅಂಗಡಿಯಿಂದ ಎದ್ದು ಬನ್ನಿ. ಎದ್ದು ಬರುವುದು ನಿಮಗೆ ಹೇಗೂ ಅಭ್ಯಾಸವಿದೆ.

ಸಿದ್ದಾಪುರದಿಂದ:

ಅಮ್ಮಮ್ಮ ಉಯಿಲು ಬರೆದಿಟ್ಟಿದ್ದಾರಾ? ಇಲ್ಲದಿದ್ದರೆ ಹಿಂದೂ ಹೆಂಗಸಿನ ಸ್ವಂತ ಒಡವೆ ಗಂಡ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರಿಗೂ ಸಮ. ಅಜ್ಜ ಇಲ್ಲ ಅಂದರೆ ನಿಮ್ಮ ಆಯಿಗೂ ಮಾವಂದಿರಿಗೂ ಸಮಪಾಲು. ಮಾರುವ ಮೊದಲು ಮೂವರೂ ಒಂದು ಕಾಗದಕ್ಕೆ ಸಹಿ ಹಾಕಲಿ, ಪ್ರತಿಯೊಂದು ಒಡವೆಯ ಫೋಟೋ ಮತ್ತು ತೂಕ ಅದರಲ್ಲೇ ಇರಲಿ. ನಮ್ಮ ಮನೆಯಲ್ಲಿ ಒಂದು ಮೂಗುಬೊಟ್ಟಿಗೆ ಅಕ್ಕತಂಗಿಯರು ಮಾತು ಬಿಟ್ಟು ಹನ್ನೊಂದು ವರ್ಷ ಆಯಿತು. ಮೂಗುಬೊಟ್ಟು ಒಂದು ಗ್ರಾಮೂ ಇರಲಿಲ್ಲ.

ಭಟ್ಕಳದಿಂದ, ದುಬೈಯಲ್ಲಿ 22 ವರ್ಷ ಇದ್ದವರು:

ಎಲ್ಲರೂ ಬಂಗಾರದ ಹಿಂದೆ ಬಿದ್ದರು, ವಾಚನ್ನು ಯಾರೂ ಕೇಳಲೇ ಇಲ್ಲ! ನಾನು ಸೀಕೊ, ರಾಡೊ, ಒಮೆಗಾ ಕೊಂಡು ಮಾರಿದವನು, ಮೋಸವೂ ಹೋದವನು.

ಕೀಲಿ ಕೊಡಬೇಡಿ. ಹತ್ತಾರು ವರ್ಷ ನಿಂತ ವಾಚಿನಲ್ಲಿ ಎಣ್ಣೆ ಅಂಟಾಗಿರುತ್ತದೆ. "ನಡೀತದಾ ನೋಡುವ" ಅಂತ ತಿರುಗಿಸಿದರೆ ಒಣಗಿದ ಚಕ್ರಗಳು ಉಜ್ಜಿ ಸವೆಯುತ್ತವೆ. ಡಯಲ್ ತೊಳೆಸಬೇಡಿ, ಕೇಸಿಗೆ ಪಾಲಿಶ್ ಹಾಕಿಸಬೇಡಿ. ಹಳೆ ವಾಚಿನಲ್ಲಿ ಕಲೆ ಇದ್ದರೆ ಬೆಲೆ, ಹೊಳಪು ಇದ್ದರೆ ಅನುಮಾನ. ಕತ್ತಲಲ್ಲಿ ಹೊಳೆಯುವ ಬಣ್ಣ ಇದ್ದರೆ ಕೆರೆಯಲೇಬೇಡಿ, 1960ರ ದಶಕದ ಮೊದಲಿನದ್ದಾದರೆ ಅದು ರೇಡಿಯಂ ಇರಬಹುದು.

ನಂಬಿಕೆಯ ರಿಪೇರಿಯವರ ಹತ್ತಿರ ನಿಮ್ಮೆದುರೇ ಹಿಂದಿನ ಮುಚ್ಚಳ ತೆಗೆಸಿ, ಫೋಟೋ ಹೊಡೆದುಕೊಳ್ಳಿ. ಆ ಕಾಲದ ಒಮೆಗಾ ಮೆಷಿನ್ ತಾಮ್ರದ ಬಣ್ಣದ್ದು. ಅದರ ಮೇಲೆ ಹೆಸರು, ಕ್ಯಾಲಿಬರ್ (ಮೆಷಿನ್ ಮಾದರಿಯ) ನಂಬರ್, ಸೀರಿಯಲ್ ನಂಬರ್ ಕೆತ್ತಿರುತ್ತದೆ. ಸೀರಿಯಲ್ 1 ಕೋಟಿ 50 ಲಕ್ಷದ ಹತ್ತಿರ ಇದ್ದರೆ ಸುಮಾರು 1956ರದ್ದು. ಮುಚ್ಚಳದ ಒಳಗೆ ಕೇಸಿನ ನಂಬರ್ ಇರುತ್ತದೆ. ಮೆಷಿನ್, ಕೇಸು, ಡಯಲ್ ಮೂರೂ ಒಂದೇ ಸಂಸಾರದವಾ ಅನ್ನುವುದೇ ಬೆಲೆಯ ಪ್ರಶ್ನೆ. ಹಳೆ ಮೆಷಿನ್‌ಗೆ ಹೊಸ ಡಯಲ್ ಬರೆಸಿ, ಬೇರೆ ಕೇಸು ತೊಡಿಸಿ ಮಾರುವ ದಂಧೆ ದೊಡ್ಡದು. ಹವ್ಯಾಸಿಗಳು ಅದಕ್ಕೆ "ಮುಂಬೈ ಸ್ಪೆಷಲ್" ಅನ್ನುತ್ತಾರೆ. ನನಗೆ ಒಬ್ಬ ಆಸಾಮಿ ಕೊಟ್ಟಿದ್ದು ಅದೇ: ಕಿತ್ತಳೆ ಡಯಲ್, ಕನ್ನಡಿಯ ಹಾಗೆ ಹೊಳಪು. ಒಳಗೆ ಮೂರು ವಾಚಿನ ಹೆಣ.

ಜನತಾ ಬೆಲೆಯಲ್ಲಿ ಒಮೆಗಾದ ಹತ್ತಿರಕ್ಕೂ ಬರುವುದಿಲ್ಲ. ಆದರೆ ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಶುರು ಮಾಡಿದ್ದು, ಕೇಂದ್ರ ಸರ್ಕಾರ ವಾಚು ಕಂಪನಿ ಮುಚ್ಚಲು ತೀರ್ಮಾನಿಸಿದ್ದು 2016ರಲ್ಲಿ. ಅದರ ನಂತರ ಹಳೆ ಎಚ್‌ಎಂಟಿ ಹುಡುಕುವವರು ಹೆಚ್ಚಾದರು, ನಕಲಿ ಡಯಲ್‌ಗಳೂ ಹೆಚ್ಚಾದವು. ಒಂದೇ ಕೈಯಲ್ಲಿದ್ದ, ಡಯಲ್ ಮುಟ್ಟದ ಜನತಾ ಅಂದರೆ ಅವರಿಗೆ ಆಸೆ.

ಇನ್ನೊಂದು, ಕೊಳ್ಳುವವರಿಗೆ. ಕಸ್ಟಮ್ಸ್ ಕಾಯ್ದೆಯ 123ನೇ ಕಲಮಿನಲ್ಲಿ ಚಿನ್ನದ ಜೊತೆ ವಾಚೂ ಇದೆ. ಕಳ್ಳಸಾಗಣೆ ಮಾಲೆಂದು ಹಿಡಿದರೆ, ಅಲ್ಲವೆಂದು ತೋರಿಸುವ ಹೊಣೆ ಹಿಡಿದುಕೊಂಡವನದ್ದು. ಕರಾವಳಿಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಬಾಕ್ಸು, ಬಿಲ್ಲು ಇಲ್ಲದ ಹೊಸ ದುಬಾರಿ ವಾಚನ್ನು ಅಗ್ಗಕ್ಕೆ ಕೊಟ್ಟರೆ ಕೈ ಚಾಚಬೇಡಿ.

ಶಿರಸಿಯಿಂದ ಮತ್ತೊಬ್ಬರು:

ಅಮೆರಿಕದಲ್ಲಿರುವ ನೆಂಟರ ಕೈಯಲ್ಲಿ ಕಳಿಸಿ ಹರಾಜು ಹಾಕಿಸಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನೂರು ವರ್ಷ ದಾಟಿದ ವಸ್ತು 1972ರ ಕಾಯ್ದೆ ಪ್ರಕಾರ ಪುರಾವಸ್ತು, ದೇಶದ ಹೊರಗೆ ಒಯ್ಯುವ ಹಾಗಿಲ್ಲ. ಹಾಗೆಯೇ ಅಂಗಡಿಯಲ್ಲಿ "ಆಂಟಿಕ್" ಎಂದು ತೋರಿಸುವುದು ಹೊಸ ಚಿನ್ನಕ್ಕೆ ಮಂಕು ಪಾಲಿಶ್ ಹಾಕಿದ್ದು, ಅದಕ್ಕೆ ಆರು ಅಕ್ಷರ-ಅಂಕಿಯ ಎಚ್‌ಯುಐಡಿ, ಅಂದರೆ ಹಾಲ್‌ಮಾರ್ಕಿನ ಗುರುತಿನ ಸಂಖ್ಯೆ, ಇರಬೇಕು. 1 ಏಪ್ರಿಲ್ 2023ರಿಂದ ಹಾಗೆ. ನೀವು ಮಾರುವ ಹಳೆ ಒಡವೆಗೆ ಅದು ಬೇಕಿಲ್ಲ.

ಕೇಳಿದವರು, ಮೂರು ವಾರದ ನಂತರ:

ಎಲ್ಲರಿಗೂ ಋಣಿ. ಮೂವರ ಸಹಿ ಆಯಿತು, ಫೋಟೋ ಆಯಿತು. ನಾನು, ದೊಡ್ಡ ಮಾವ ಹುಬ್ಬಳ್ಳಿಗೆ ಹೋಗಿ ಹಾಲ್‌ಮಾರ್ಕ್ ಸೆಂಟರಿನಲ್ಲಿ ಬಳೆ ಪರೀಕ್ಷೆ ಮಾಡಿಸಿ ಚೀಟಿ ಹಿಡಿದುಕೊಂಡೇ ಅಂಗಡಿ ಹತ್ತಿದೆವು. ಎರಡು ಬಳೆ 89, ಎರಡು 61. ಆಯಿಗೆ ಕೇಳಿದರೆ, ಆ ಎರಡು ಅವಳು ಎರಡನೇ ಕ್ಲಾಸಿನಲ್ಲಿದ್ದಾಗ ಮಾಡಿಸಿದ್ದಂತೆ, 1964. ಮೊದಲ ಅಂಗಡಿಯಲ್ಲಿ ಕುಮಟಾದವರು ಹೇಳಿದ್ದೇ ನಡೆಯಿತು: ಟಂಚಿನ ತೂಕಕ್ಕೆ 22 ಕ್ಯಾರೆಟ್ ದರ. ಮಾವ ಕ್ಯಾಲ್ಕುಲೇಟರ್ ತಿರುಗಿಸಿ ತೋರಿಸಿದ, ಅವರು ನಕ್ಕು "ಓಹೋ, ಕಣ್ತಪ್ಪಾಯ್ತು ಸಾರ್" ಅಂದರು. ಎರಡನೇ ಅಂಗಡಿಯಲ್ಲಿ ನಾಲ್ಕೂ ಬಳೆ ಕೊಟ್ಟೆವು, ಹಣ ಆಯಿಯ ಖಾತೆಗೆ ಬಂತು, ಸೊಸೈಟಿ ಸಾಲದ ಕಂತಿಗೆ ಸಾಕಾಯಿತು. ಪುತಳಿಯಲ್ಲಿ ಡುಕಾಟ್ ಸಿಗಲಿಲ್ಲ, ಎಲ್ಲವೂ ಊರಿನ ಅಚ್ಚು. ಸದ್ಯಕ್ಕೆ ಸರ, ಜೋಮಾಲೆ, ಬುಗುಡಿ, ಬೆಂಡೋಲೆ ಲಾಕರಿಗೆ ಹೋದವು.

ಒಮೆಗಾದ ಮುಚ್ಚಳ ತೆಗೆಸಿದೆವು. ತಾಮ್ರದ ಬಣ್ಣವೇ, ಸೀರಿಯಲ್ 15ರಿಂದ ಶುರು. ಮುಚ್ಚಳದ ಒಳಗೆ ಸೂಜಿಯಲ್ಲಿ ಗೀಚಿದ ಹಾಗೆ ಎರಡು ತಾರೀಕು, ರಿಪೇರಿ ಮಾಡಿದವರು ಹಾಕಿದ್ದಂತೆ. ಎರಡನೆಯದು ಅಜ್ಜ ತೀರಿಕೊಂಡ ವರ್ಷದ್ದು. ಚಿಕ್ಕ ಮಾವ ಫೋಟೋ ನೋಡಿದವನೇ ಫೋನ್ ಮಾಡಿ "ತಮಾ, ವಾಚು ಮಾತ್ರ ಮಾರಡ" ಅಂದ. ಭಟ್ಕಳದ ಅಣ್ಣನವರಲ್ಲಿ ಒಂದು ಪ್ರಶ್ನೆ: ಎಣ್ಣೆ ಹಾಕಿಸಿದ ಮೇಲೆ ದಿನಾ ಕೀಲಿ ಕೊಡಬೇಕಾ, ಮಳೆಗಾಲದಲ್ಲಿ ಎಲ್ಲಿ ಇಡಬೇಕು?

ಭಟ್ಕಳದಿಂದ:

ಕಟ್ಟಿಕೊಂಡ ದಿನ ಬೆಳಿಗ್ಗೆ ಒಮ್ಮೆ ಕೊಟ್ಟರೆ ಸಾಕು, ಬಿಗಿ ಆದಲ್ಲಿ ನಿಲ್ಲಿಸಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಡಬ್ಬಿಯಲ್ಲಿಡಿ. ಪಂಜಿ ಬೇಡ, ಬಟ್ಟೆ ತೇವ ಹಿಡಿಯುತ್ತದೆ.