ಮರನೆಲ್ಲೊದಲ್ಲಿ ಮೊದಲ ಬಾರಿ ಫೆರಾರಿ ಓಡಿಸುವುದು: ರಸ್ತೆಯೋ, ಟ್ರ್ಯಾಕೋ?

ಪ್ರಶ್ನೆ: ಸ್ಟಟ್‌ಗಾರ್ಟ್ ಕನ್ನಡಿಗ

ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ಜರ್ಮನಿಯಲ್ಲಿದ್ದೇನೆ. ಬರುವ ವಸಂತದಲ್ಲಿ ಫೆರಾರಿಯ ತವರೂರಾದ ಇಟಲಿಯ ಮರನೆಲ್ಲೊಗೆ ಹೋಗಿ, ಹೈಸ್ಕೂಲಿನಿಂದಲೂ ಆಸೆಪಟ್ಟಿದ್ದ ಫೆರಾರಿಯನ್ನು ಒಮ್ಮೆಯಾದರೂ ನನ್ನ ಕೈಯಿಂದ ಓಡಿಸಬೇಕೆಂದಿದ್ದೇನೆ. ಅಲ್ಲಿನ ಫೆರಾರಿ ವಸ್ತುಸಂಗ್ರಹಾಲಯದ ಸುತ್ತಮುತ್ತ, ಪಕ್ಕದಲ್ಲಿ ಬೋಧಕರೊಬ್ಬರನ್ನು ಕೂರಿಸಿ ನಿಮಿಷಗಳ ಲೆಕ್ಕದಲ್ಲಿ ಕಾರು ಕೊಡುವ ಖಾಸಗಿ ಸಂಸ್ಥೆಗಳು ಹಲವಿವೆ. ಮೊಡೆನಾ ಬಳಿಯ ರೇಸ್ ಟ್ರ್ಯಾಕಿನಲ್ಲಿ ಸುತ್ತುಗಳ ಲೆಕ್ಕದಲ್ಲಿ ಓಡಿಸುವ ಅವಕಾಶವೂ ಇದೆ. ಎರಡಕ್ಕೂ ಹಣ ಹೊಂದಿಸುವುದು ನನ್ನಿಂದಾಗದು.

ಯಾವುದನ್ನು ಆರಿಸಿಕೊಳ್ಳಲಿ? ಕಾರು 458 ಇಟಾಲಿಯಾ ಆಗಿರಲೋ, ಅದರ ನಂತರದ 488 ಆಗಿರಲೋ? ಹುಬ್ಬಳ್ಳಿಯಲ್ಲಿ ಸಣ್ಣ ಕಾರು, ಇಲ್ಲಿ ಕಂಪನಿ ಕೊಟ್ಟ ಸಾಧಾರಣ ಡೀಸೆಲ್ ಕಾರು, ಇಷ್ಟನ್ನೇ ಓಡಿಸಿ ಗೊತ್ತಿರುವ ನನ್ನಂಥವನ ಕೈಗೆ 570 ಅಶ್ವಶಕ್ತಿಯ ಕಾರು ಒಗ್ಗೀತೇ ಎಂಬ ಅಳುಕೂ ಇದೆ.

ಉತ್ತರ: ಟೊರಿನೊ ಎಂಜಿನಿಯರ್

ನಿಮ್ಮ ಕೊನೆಯ ಸಂದೇಹಕ್ಕೆ ಮೊದಲು ಉತ್ತರಿಸುತ್ತೇನೆ. 458ರಲ್ಲಿ ಕ್ಲಚ್ ಪೆಡಲ್ ಇಲ್ಲ. ಕ್ಲಚ್ ಕೆಲಸವನ್ನು ತಾನೇ ಮಾಡಿಕೊಳ್ಳುವ ಏಳು ಗೇರುಗಳ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಇದ್ದು, ಸ್ಟೀರಿಂಗ್ ಹಿಂದಿರುವ ಬಲಗಡೆಯ ಪ್ಯಾಡಲ್ (ಬೆರಳಿನಿಂದ ಎಳೆಯುವ ಪಟ್ಟಿ) ಎಳೆದರೆ ಮೇಲಿನ ಗೇರು, ಎಡಗಡೆಯದನ್ನು ಎಳೆದರೆ ಕೆಳಗಿನ ಗೇರು, ಎರಡನ್ನೂ ಒಟ್ಟಿಗೆ ಎಳೆದರೆ ನ್ಯೂಟ್ರಲ್. ನಿಧಾನವಾಗಿ ಓಡಿಸುವ ಮಟ್ಟಿಗೆ ಅದು ಹುಬ್ಬಳ್ಳಿಯ ಟ್ರಾಫಿಕ್ಕಿನಲ್ಲಿ ನಿಮ್ಮ ಸಣ್ಣ ಕಾರನ್ನು ಸಂಭಾಳಿಸಿದ್ದಕ್ಕಿಂತ ಸುಲಭ. ಕೈ ತಡವರಿಸುವುದು ಇಂಡಿಕೇಟರಿನ ವಿಷಯದಲ್ಲಿ. ಅದಕ್ಕೆ ಪಕ್ಕದಲ್ಲಿ ಕಡ್ಡಿಯಿಲ್ಲ, ಗುಂಡಿಗಳು ಸ್ಟೀರಿಂಗ್ ಚಕ್ರದ ಮೇಲೆಯೇ ಇವೆ. ಇಟಲಿಯಲ್ಲಿ ಹೆಜ್ಜೆಹೆಜ್ಜೆಗೂ ಸಿಗುವ ವೃತ್ತಗಳಲ್ಲಿ ಚಕ್ರ ತಿರುಗಿದಂತೆ ಗುಂಡಿಯೂ ತಿರುಗಿ ಬೇರೆಲ್ಲೋ ಇರುತ್ತದೆ. ಪ್ಯಾಡಲ್‌ಗಳು ಮಾತ್ರ ಇದ್ದಲ್ಲಿಯೇ ಇರುತ್ತವೆ. ಹೊರಡುವ ಮುನ್ನ, ಕಾರು ನಿಂತಿರುವಾಗಲೇ ಎರಡು ನಿಮಿಷ ಕೇಳಿಕೊಂಡು ಇದನ್ನು ಅಭ್ಯಾಸ ಮಾಡಿ. ಕಾರಿನ ಅಗಲ 1.94 ಮೀಟರ್ ಎಂಬುದೂ ನೆನಪಿರಲಿ.

ನಿಜವಾದ ವ್ಯತ್ಯಾಸ ತಿರುವುಗಳಲ್ಲಿ ತಿಳಿಯುತ್ತದೆ. ಎಂಜಿನ್ ನಿಮ್ಮ ಬೆನ್ನ ಹಿಂದಿರುವುದರಿಂದ ತೂಕದ ಸುಮಾರು ಶೇ. 58ರಷ್ಟು ಹಿಂದಿನ ಚಕ್ರಗಳ ಮೇಲಿದೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರ್‌ನಿಂದ ಥಟ್ಟನೆ ಕಾಲು ತೆಗೆದರೆ ಭಾರ ಮುಂದಕ್ಕೆ ವಾಲಿ, ಹಿಂದಿನ ಟಯರುಗಳ ಹಿಡಿತ ಸಡಿಲಗೊಳ್ಳುತ್ತದೆ. ಎಲೆಕ್ಟ್ರಾನಿಕ್ ವ್ಯವಸ್ಥೆ ಬಹುಪಾಲು ಕಾಪಾಡುತ್ತದೆ, ಆದರೆ ಅದನ್ನೇ ನಂಬಿ ತಿರುವಿಗೆ ನುಗ್ಗಬಾರದು. ಬ್ರೇಕು ಏನಿದ್ದರೂ ತಿರುವಿಗೆ ಮುಂಚೆ, ನೇರ ರಸ್ತೆಯಲ್ಲೇ ಮುಗಿಯಬೇಕು. ಕಾರಿನ ಚಾಲನಾ ವಿಧಾನವನ್ನು ಆರಿಸಲು ಸ್ಟೀರಿಂಗ್ ಮೇಲಿರುವ ಕೆಂಪು ತಿರುಗುಗುಂಡಿ, ಅಂದರೆ ಮನೆಟ್ಟಿನೊ, ಸ್ಪೋರ್ಟ್ ಎಂಬಲ್ಲಿಯೇ ಇರಲಿ.

ನನ್ನ ಮತ ಟ್ರ್ಯಾಕಿಗೆ. ಇಟಲಿಯಲ್ಲಿ ಊರೊಳಗೆ ವೇಗದ ಮಿತಿ 50 ಕಿ.ಮೀ., ಊರಾಚೆಯ ಸಾಮಾನ್ಯ ರಸ್ತೆಗಳಲ್ಲಿ 90. ಈ ಕಾರು ಎರಡನೆಯ ಗೇರಿನಲ್ಲಿ ಪೂರ್ತಿ ಏರುವಷ್ಟರಲ್ಲೇ 90 ದಾಟಿಬಿಡುತ್ತದೆ. ಅದಕ್ಕಿಂತ ಮುಖ್ಯವಾದದ್ದು ಕಾರ್ಬನ್ ಸೆರಾಮಿಕ್ ಬ್ರೇಕು. ವೇಗ ಇಮ್ಮಡಿಯಾದರೆ ಬ್ರೇಕು ಒತ್ತಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಕು ಪಟ್ಟಾಗುತ್ತದೆಂದು ಪುಸ್ತಕದಲ್ಲಿ ಓದಿರುತ್ತೇವೆ. ಆ ವೇಗವನ್ನು ಅಷ್ಟು ಬೇಗ ಕರಗಿಸಬಲ್ಲ ಬ್ರೇಕನ್ನು ಮನಸ್ಸಿಟ್ಟು ಒತ್ತಿ ನೋಡಲು ಟ್ರ್ಯಾಕ್ ಬಿಟ್ಟರೆ ಬೇರೆ ಜಾಗವಿಲ್ಲ. ಸೂಪರ್‌ಕಾರಿನ ಬೆರಗು ಓಟದಲ್ಲಿರುವುದಕ್ಕಿಂತ ನಿಲುಗಡೆಯಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಅಂದ ಹಾಗೆ, 1972ರಲ್ಲಿ ಕಟ್ಟಿದ ಫಿಯೊರಾನೊ ಟ್ರ್ಯಾಕು ಫೆರಾರಿಯ ಸ್ವಂತದ್ದು; ನಮ್ಮಂಥವರ ಬಾಡಿಗೆ ಓಟಕ್ಕೆ ಅದು ಸಿಗುವುದಿಲ್ಲ.

ಉತ್ತರ: ಮಲೆನಾಡ ಘಾಟಿ

ಟೊರಿನೊದವರ ತಾಂತ್ರಿಕ ವಿವರಣೆಗೆ ನನ್ನ ತಕರಾರಿಲ್ಲ, ತೀರ್ಮಾನಕ್ಕೆ ಇದೆ. ಮೊದಲ ಬಾರಿ ಟ್ರ್ಯಾಕಿಗೆ ಇಳಿದವನಿಗೆ ಯಾವ ತಿರುವು ಯಾವ ಕಡೆಗೆಂದೇ ತಿಳಿದಿರುವುದಿಲ್ಲ. ಬೋಧಕರು "ಬ್ರೇಕ್, ಬ್ರೇಕ್" ಎನ್ನುವುದನ್ನು ಪಾಲಿಸುವುದರಲ್ಲೇ ಸುತ್ತುಗಳು ಮುಗಿದು, ಕಾರು ಹೇಗಿತ್ತೆಂದು ಕೇಳಿದರೆ ಹೇಳಲು ಏನೂ ಉಳಿದಿರುವುದಿಲ್ಲ. ಮರನೆಲ್ಲೊದಿಂದ ಸೆರಮತ್ಸೋನಿ ಕಡೆಗೆ ಅಪೆನ್ನೈನ್ ಗುಡ್ಡಗಳನ್ನು ಏರುವ ರಸ್ತೆ ನಮ್ಮ ಘಾಟಿಗಳಂತೆಯೇ ಬಳುಕುತ್ತ ಹೋಗುತ್ತದೆ. ಅಲ್ಲಿ ಮೂರನೆಯ ಗೇರಿನಲ್ಲಿ, ಕಿಟಕಿ ಇಳಿಸಿಕೊಂಡು, ಮಿತಿಯೊಳಗೇ ಹೋದರೂ ಆ ಎಂಜಿನ್ನಿನ ದನಿಯನ್ನು ಸಾವಧಾನವಾಗಿ ಕೇಳಬಹುದು.

ಆದ್ದರಿಂದಲೇ 488ಕ್ಕಿಂತ 458 ಮೇಲು ಎನ್ನುತ್ತೇನೆ. ಅದರ 4.5 ಲೀಟರ್, ಎಂಟು ಸಿಲಿಂಡರುಗಳ ವಿ8 ಎಂಜಿನ್ನಿಗೆ ಟರ್ಬೊ, ಅಂದರೆ ಹೊಗೆಯ ಒತ್ತಡದಿಂದ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ, ಇಲ್ಲ. ಪೂರ್ಣ ಶಕ್ತಿ ಬರುವುದು ಎಂಜಿನ್ 9,000 ಆರ್‌ಪಿಎಂಗೆ (ನಿಮಿಷಕ್ಕೆ ಅಷ್ಟು ಸುತ್ತು) ಮುಟ್ಟಿದಾಗ, ಅಲ್ಲಿಯವರೆಗೆ ದನಿ ಏರುತ್ತಲೇ ಹೋಗುತ್ತದೆ. 2015ರಲ್ಲಿ ಬಂದ 488 ಜಿಟಿಬಿ ಎರಡು ಟರ್ಬೊಗಳ 3.9 ಲೀಟರ್ ಎಂಜಿನ್ನಿನಿಂದ 670 ಅಶ್ವಶಕ್ತಿ ಕೊಡುತ್ತದೆ. ಬಲದಲ್ಲಿ ಅದರದೇ ಮೇಲುಗೈ, ಆದರೆ ಟರ್ಬೊಗಳ ಮೂಲಕ ಹಾದು ಬರುವ ದನಿಯ ಮೊನಚು ಕುಗ್ಗಿದೆ. ವೇಗದ ಅಂಕಿಗಳನ್ನು ಯಾವ ಎಲೆಕ್ಟ್ರಿಕ್ ಕಾರಾದರೂ ಕೊಟ್ಟೀತು, ಈ ದನಿಯನ್ನು ಕೊಡಲಾರದು.

ಟ್ರ್ಯಾಕಿನ ಆಸೆಯಿದ್ದರೆ ಊರಿಗೆ ಬಂದಾಗ ಕೊಯಮತ್ತೂರಿನದೋ ಚೆನ್ನೈ ಹತ್ತಿರದ್ದೋ ಇದ್ದೇ ಇದೆ. ಅಲ್ಲಿ ಕಡಿಮೆ ಶಕ್ತಿಯ ಕಾರಿನಲ್ಲಿ ತರಬೇತಿ ಪಡೆದು ಕಲಿಯುವುದೇ ಹೆಚ್ಚು.

ಪ್ರಶ್ನೆ ಕೇಳಿದವರು: ಸ್ಟಟ್‌ಗಾರ್ಟ್ ಕನ್ನಡಿಗ

ಇಬ್ಬರಿಗೂ ಧನ್ಯವಾದಗಳು. 458 ಎಂಬುದಂತೂ ಖಚಿತವಾಯಿತು. ಗುಡ್ಡದ ರಸ್ತೆಯ ಕಡೆಗೇ ಮನಸ್ಸು ವಾಲುತ್ತಿದೆ. ಹಣ ಕಟ್ಟುವ ಮುನ್ನ ಏನೇನು ವಿಚಾರಿಸಬೇಕೆಂದು ತಿಳಿದವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಮಿಲಾನಿನ ಅಕ್ಕ

ತಮ್ಮಾ, ಮೊದಲು ಲೈಸೆನ್ಸಿನ ವಿಷಯ. ಜರ್ಮನಿಯಲ್ಲಿ ನೆಲೆಸಿ ಆರು ತಿಂಗಳಾದ ಮೇಲೆ ನಮ್ಮ ಊರಿನ ಲೈಸೆನ್ಸು ಅಲ್ಲಿ ನಡೆಯುವುದಿಲ್ಲವಾದ್ದರಿಂದ ಜರ್ಮನ್ ಲೈಸೆನ್ಸು ಮಾಡಿಸಿಕೊಂಡಿರುತ್ತೀರೆಂದುಕೊಳ್ಳುತ್ತೇನೆ. ಅದು ಇಟಲಿಯಲ್ಲಿಯೂ ಸಲ್ಲುತ್ತದೆ. ಆದರೆ ಹೊಸದಾಗಿ ಲೈಸೆನ್ಸು ಪಡೆದವರು ಓಡಿಸಬಹುದಾದ ಕಾರಿನ ಶಕ್ತಿಗೆ ಇಟಲಿಯ ಕಾನೂನು ಮಿತಿ ಹಾಕಿದೆ. ನಿಮ್ಮ ಕಾರ್ಡಿನ ಮೇಲಿರುವ ದಿನಾಂಕ ಇತ್ತೀಚಿನದಾಗಿದ್ದರೆ, ಅದನ್ನು ಒಪ್ಪುತ್ತೀರಾ ಎಂದು ಸಂಸ್ಥೆಗೆ ಇಮೇಲ್ ಬರೆದು, ಉತ್ತರವನ್ನೂ ಲಿಖಿತವಾಗಿಯೇ ಪಡೆಯಿರಿ.

ಎರಡನೆಯದು, ಕಾರಿಗೆ ಹಾನಿಯಾದರೆ ವಿಮೆಗೆ ಮುನ್ನ ನಿಮ್ಮ ಜೇಬಿನಿಂದ ಎಷ್ಟು ಹೋಗುತ್ತದೆಂದು ಒಪ್ಪಂದದಲ್ಲಿ ಓದಿಕೊಳ್ಳಿ. ನನ್ನ ಯಜಮಾನರು ಓಡಿಸಿದಾಗ ಆ ಮೊತ್ತ ನಮ್ಮ ಒಂದು ತಿಂಗಳ ಸಂಬಳಕ್ಕಿಂತ ಹೆಚ್ಚಿತ್ತು. ಹೆಚ್ಚುವರಿ ಹಣ ಕಟ್ಟಿ ಅದನ್ನು ಇಳಿಸಿಕೊಂಡೆವು. ರಿಮ್ಮು ಮತ್ತು ಟಯರು ವಿಮೆಯೊಳಗೆ ಬರುತ್ತವೆಯೇ ಎಂದು ಪ್ರತ್ಯೇಕವಾಗಿ ಕೇಳಿ. ಕಾರು ಅಗಲವಾಗಿರುವುದರಿಂದ ಮೊದಲು ತಗುಲುವುದು ಫುಟ್‌ಪಾತಿನ ಕಲ್ಲಿಗೆ ರಿಮ್ಮೇ.

ಅತಿ ಕಡಿಮೆ ಅವಧಿಯ ಓಟ ಬೇಡ. ಊರಿನ ವೃತ್ತಗಳನ್ನು ದಾಟಿ ಗುಡ್ಡದ ಬುಡ ಸೇರುವುದರಲ್ಲೇ ಅದು ಮುಗಿದುಹೋಗುತ್ತದೆ, ಹಾಗಾಗಿ ಸೆರಮತ್ಸೋನಿಯವರೆಗೆ ಹೋಗಿಬರುವ ಓಟವನ್ನೇ ಕೇಳಿ ಪಡೆಯಿರಿ. ವಾರಾಂತ್ಯದಲ್ಲಿ ಆ ರಸ್ತೆಯಲ್ಲಿ ಸೈಕಲ್ ಸವಾರರು ಜಾಸ್ತಿ. ವಾರದ ನಡುವಿನ ಬೆಳಗಿನ ಹೊತ್ತು ಒಳ್ಳೆಯದು. ದಪ್ಪ ಅಟ್ಟೆಯ ಬೂಟು ಬಿಟ್ಟು ತೆಳು ಅಟ್ಟೆಯ ಶೂ ಹಾಕಿಕೊಂಡು ಹೋಗಿ.