ಸೂರ್ಯಕಾಂತಿ ಹಿಂಡಿಯಲ್ಲಿ ಗೋವಿನಜೋಳಕ್ಕಿಂತ ಶಕ್ತಿ ಜಾಸ್ತಿಯಾ?

ಇಂಡಿಯಿಂದ: ನಮಸ್ಕಾರ್ರಿ. ಲೇಯರ್ (ತತ್ತಿ ಇಡುವ) ಕೋಳಿಗೆ ಫೀಡ್ ನಾನೇ ಮಿಕ್ಸ್ ಮಾಡುತ್ತೇನೆ. ಗೋವಿನಜೋಳದ ರೇಟು ಏರಿದೆ, ಸೂರ್ಯಕಾಂತಿ ಹಿಂಡಿ ಜಾಸ್ತಿ ಹಾಕೋಣ ಅಂತಿದ್ದೇನೆ. ವ್ಯಾಪಾರಿ ಕೊಟ್ಟ ರಿಪೋರ್ಟ್‌ನಲ್ಲಿ ಹಿಂಡಿಗೆ ಕೆಜಿಗೆ 4,200 ಕಿಲೋಕ್ಯಾಲೊರಿ ಎಂದಿದೆ. ಗೋವಿನಜೋಳಕ್ಕೆ ಪುಸ್ತಕದಲ್ಲಿ 3,350 ಇದೆ. ಏನಿದು ಲೆಕ್ಕ? ಅಳತೆ ಮಾಡಿಸಿದವರು ಹೇಳಿ.

ತಾಳಿಕೋಟೆಯಿಂದ: ಅಣ್ಣಾ, ಆ 4,200 ಸುಟ್ಟು ಅಳೆದದ್ದು, ಪುಸ್ತಕದ 3,350 ಕೋಳಿಯ ಮೈಗೆ ದಕ್ಕುವ ಶಕ್ತಿ. ಬಾಂಬ್ ಕ್ಯಾಲೊರಿಮೀಟರ್‌ನಲ್ಲಿ ಸಿಪ್ಪೆಯೂ ಚೆನ್ನಾಗಿ ಉರಿಯುತ್ತದೆ. ಕೋಳಿಗೆ ಸಿಪ್ಪೆ ಅರಗಬೇಕಲ್ವಾ? ಸಿಪ್ಪೆ ಸಮೇತದ, ಎಣ್ಣೆ ತೆಗೆದ ಹಿಂಡಿಗೆ ಮೈಗೆ ದಕ್ಕುವ ಶಕ್ತಿಯ ಪಟ್ಟಿಯಲ್ಲಿರುವುದು ಸುಮಾರು 1,540. ಸಿಪ್ಪೆ ತೆಗೆದದ್ದಾದರೆ 2,300ರ ಆಸುಪಾಸು. ಒಂದು ಹಿಡಿ ಹಿಂಡಿಯನ್ನು ಬಿಳಿ ಕಾಗದದ ಮೇಲೆ ಹರಡಿ ನೋಡ್ರಿ, ಕರಿ ಚೂರು ಎಷ್ಟಿದೆ ಅಂತ ಕಣ್ಣಿಗೇ ಕಾಣುತ್ತದೆ.

ಮುಧೋಳದಿಂದ: ಪಶುವೈದ್ಯಕೀಯ ಓದುವಾಗ ನೋಡಿದ್ದನ್ನು ಹೇಳುತ್ತೇನೆ. ನಮಗೆ ಬೇಕಾದದ್ದು ತಿಂದ ಶಕ್ತಿಯಲ್ಲಿ ಹಿಕ್ಕೆಯಲ್ಲಿ ಹೋದದ್ದನ್ನು ಕಳೆದು ಉಳಿದದ್ದು, ಅಂದರೆ ಎಂ.ಇ. (ಮೆಟಬಾಲೈಸಬಲ್ ಎನರ್ಜಿ). ಕೋಳಿಯ ಮಲ, ಮೂತ್ರ ಒಟ್ಟಿಗೇ ಬರುವುದರಿಂದ ಎರಡೂ ಒಂದೇ ಸಲಕ್ಕೆ ಕಳೆಯುತ್ತವೆ. 1976ರಲ್ಲಿ ಸಿಬ್ಬಾಲ್ಡ್ ಎಂಬ ವಿಜ್ಞಾನಿ ಹೇಳಿದ ವಿಧಾನ ಹೀಗೆ: ಹುಂಜವನ್ನು ಉಪವಾಸ ಕೆಡವಿ, ತೂಕ ಮಾಡಿದ ಕಾಳಿನ ಪುಡಿಯನ್ನು ಕೊಳವೆಯಿಂದ ನೇರ ಗಂಟಲಚೀಲಕ್ಕೆ ಹಾಕುತ್ತಾರೆ. ಕೆಳಗಿನ ಟ್ರೇಯಲ್ಲಿ ಬಿದ್ದ ಹಿಕ್ಕೆಯಿಂದ ಪುಕ್ಕ, ಚರ್ಮದ ಹೊಟ್ಟು ಆರಿಸಿ ತೆಗೆದು, ಒಣಗಿಸಿ, ಸುಟ್ಟು ಅಳೆಯುತ್ತಾರೆ. ಏನೂ ತಿನ್ನದ ಹುಂಜದ ಹಿಕ್ಕೆಯನ್ನೂ ಹಾಗೇ ಅಳೆದು, ತಿಂದ ಹುಂಜದ ಹಿಕ್ಕೆಯ ಲೆಕ್ಕದಿಂದ ಕಳೆಯುತ್ತಾರೆ, ಏಕೆಂದರೆ ಅದು ಮೇವಿನದಲ್ಲ, ಮೈಯದು. ಮನೆಯಲ್ಲಿ ಇದಕ್ಕೆ ಕೈ ಹಾಕಬೇಡಿ.

ನಿಮಗೆ ಸೂತ್ರ ಸಾಕು. ಮಿಕ್ಸ್ ಮಾಡಿದ ಫೀಡ್‌ಗೆ ಯುರೋಪಿನಲ್ಲಿ ಬಳಸುವ ಲೆಕ್ಕವಿದೆ: ಶೇಕಡಾ ಪ್ರೋಟೀನ್ × 37, ಕೊಬ್ಬು × 82, ಪಿಷ್ಟ × 40, ಸಕ್ಕರೆ × 31, ಎಲ್ಲ ಕೂಡಿಸಿ. ಪ್ರೋಟೀನ್ 17, ಕೊಬ್ಬು 4, ಪಿಷ್ಟ 38, ಸಕ್ಕರೆ 4 ಇದ್ದರೆ 2,601 ಬರುತ್ತದೆ. ಲೇಯರ್‌ಗೆ ಅಷ್ಟಿದ್ದರೆ ನಡೆಯುತ್ತದೆ. ನಾರು ಈ ಲೆಕ್ಕದಲ್ಲೇ ಇಲ್ಲ, ಗಮನಿಸಿ. ಲ್ಯಾಬ್‌ನವರಿಗೆ ಪಿಷ್ಟ ಅಳೆಯಿರಿ ಅಂತ ಬಾಯಿಬಿಟ್ಟು ಕೇಳಬೇಕು, ಸುಮ್ನೆ ಕೊಟ್ಟರೆ ಪ್ರೋಟೀನ್, ನಾರು ಮಾತ್ರ ಬರೆದು ಕಳಿಸುತ್ತಾರೆ.

ಬೈಲಹೊಂಗಲದಿಂದ: ತೇವ ಮರೆಯಬೇಡ್ರಿ. ಶೇಕಡಾ 10 ತೇವದಲ್ಲಿ 3,350 ಇರುವ ಗೋವಿನಜೋಳ ಶೇಕಡಾ 15ಕ್ಕೆ ಬಂದರೆ 3,165ರ ಹತ್ತಿರ ಇಳಿಯುತ್ತದೆ. ನೀರಿಗೂ ರೊಕ್ಕ ಕೊಟ್ಟಂಗೆ. ಮೀಟರ್ ಇಲ್ಲದಿದ್ದರೆ ಒಣ ಗಾಜಿನ ಬಾಟಲಿಯಲ್ಲಿ ಕಾಳು, ಒಣ ಪುಡಿ ಉಪ್ಪು ಹಾಕಿ ಅಲುಗಾಡಿಸಿ. ಉಪ್ಪು ಗಾಜಿಗೆ ಅಂಟಿದರೆ ತೇವ 15ಕ್ಕಿಂತ ಜಾಸ್ತಿ ಅಂತಲೇ ತಿಳಿಯಿರಿ.

ಇಂಡಿಯಿಂದ: ಕಾಗದದ ಮೇಲೆ ಹರಡಿ ನೋಡಿದೆ, ಅರ್ಧಕ್ಕರ್ಧ ಸಿಪ್ಪೆನೇ. ನಮ್ಮ ಕಡೆ ಬಿಳಿಜೋಳ ಸಿಗುತ್ತದೆ, ಅದನ್ನು ಹಾಕಿದರೆ?

ತಾಳಿಕೋಟೆಯಿಂದ: ಬಿಳಿಜೋಳ ಗೋವಿನಜೋಳಕ್ಕೆ ಹತ್ತಿರವೇ, ಪಟ್ಟಿಯಲ್ಲಿ 3,288. ಹಳದಿ ಬಣ್ಣ ಮಾತ್ರ ತತ್ತಿಯಲ್ಲಿ ಕಡಿಮೆಯಾಗುತ್ತದೆ, ಗಿರಾಕಿಗೆ ಮೊದಲೇ ಹೇಳಿಬಿಡ್ರಿ.