ಬೋರ್ ನೀರು ಹಾಕಿದ ಮರುದಿನವೇ ಆಫ್ರಿಕನ್ ಸಿಕ್ಲಿಡ್ ಸಾಯುತ್ತಿವೆ, ಕಾರಣ ಗೊತ್ತಾಗುತ್ತಿಲ್ಲ

ಮೂಡಿಗೆರೆಯಿಂದ ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಭಾನುವಾರ ರಾತ್ರಿಯಿಂದ ಸೋಮವಾರ ಬೆಳಗಾಗುವುದರೊಳಗೆ ನನ್ನ ಐದು ಮೀನು ಸತ್ತಿವೆ. ಮೂರು ವರ್ಷದಿಂದ ಸಾಕಿದವು. ತುಂಬಾ ಬೇಜಾರಾಗಿದೆ, ಯಾರಾದರೂ ದಾರಿ ತೋರಿಸಿ.

ನಾಲ್ಕು ಅಡಿ ಟ್ಯಾಂಕ್. ಕಲ್ಲು, ಮರಳು ಬಿಟ್ಟು ಸುಮಾರು 200 ಲೀಟರ್ ನೀರು ಹಿಡಿಯುತ್ತದೆ. ಯೆಲ್ಲೋ ಲ್ಯಾಬ್, ರೆಡ್ ಜೀಬ್ರಾ, ಎಲ್ಲವೂ ಮಲಾವಿ ಸರೋವರದ ಜಾತಿ. ಒಟ್ಟು 24 ಇದ್ದವು. ಕ್ಯಾನಿಸ್ಟರ್ ಫಿಲ್ಟರ್ ಇದೆ, ಹೀಟರ್ 26 ಡಿಗ್ರಿಗೆ ಇಟ್ಟಿದ್ದೇನೆ.

ಬೇಸಿಗೆಯಲ್ಲಿ ಬೋರ್ ನೀರನ್ನೇ ಹಾಕುತ್ತಿದ್ದೆ. ಆರಿದ್ರಾ ಮಳೆ ಹಿಡಿದ ಮೇಲೆ ಕರೆಂಟ್ ಸರಿಯಿಲ್ಲ, ಮೋಟಾರ್ ಓಡಲ್ಲ. ಹಾಗಾಗಿ ಸೂರಿನಿಂದ ಡ್ರಮ್‌ಗೆ ಹಿಡಿದ ಮಳೆ ನೀರನ್ನೇ ಬಕೆಟ್ ಬಕೆಟ್ ಬದಲಾಯಿಸುತ್ತಾ ಬಂದೆ. ಜುಲೈ ಮಧ್ಯದಲ್ಲಿ ಎರಡು ದಿನ ಕರೆಂಟ್ ಬಂತು. ಕಾಲು ಭಾಗ ಬೋರ್ ನೀರು ಹಾಕಿದೆ. ಮರುದಿನ ಎರಡು ಹೋದವು. ಮತ್ತೆ ಮಳೆ ನೀರಿಗೆ ಬಂದೆ, ಒಂದೂ ಸಾಯಲಿಲ್ಲ, ಆದರೆ ಎಲ್ಲಾ ಮಂಕಾಗಿದ್ದವು. ಈ ಭಾನುವಾರ ಒಳ್ಳೇ ನೀರು ಕೊಡೋಣ ಅಂತ ಅರ್ಧ ಟ್ಯಾಂಕ್ ಬೋರ್ ನೀರು ತುಂಬಿಸಿದೆ. ರಾತ್ರಿ ಎಲ್ಲವೂ ಮೇಲೆ ಬಂದು ಬಾಯಿ ಬಡಿಯುತ್ತಿದ್ದವು.

ಮೈಮೇಲೆ ಗಾಯವಿಲ್ಲ, ಬಿಳಿ ಚುಕ್ಕೆ ಇಲ್ಲ, ಹೊಟ್ಟೆ ಊದಿಲ್ಲ. ಅಂಗಡಿಯವರು ಕೊಟ್ಟ ಔಷಧಿ ಮೂರು ವಾರದಿಂದ ಹಾಕುತ್ತಿದ್ದೇನೆ. ಮೀನಿನ ಹೊಲಸಿನಿಂದ ನೀರಿಗೆ ಸೇರುವ ಅಮೋನಿಯಾ ಏಪ್ರಿಲ್‌ನಲ್ಲಿ ನೋಡಿದಾಗ ಸೊನ್ನೆ ಇತ್ತು.

ನನಗೆ ಅರ್ಥವಾಗದ ಒಂದು ವಿಷಯ ಇದೆ. ನೀರು ಬದಲಿಸುವ ಮೊದಲು ತೀರಾ ಸೋತಿದ್ದ ಎರಡು ಮೀನನ್ನು ಹಳೇ ಟ್ಯಾಂಕ್ ನೀರಲ್ಲೇ ಬೇರೆ ಬಕೆಟ್‌ಗೆ ಬಿಟ್ಟಿದ್ದೆ. ಅವೇ ಮೊದಲು ಹೋಗುತ್ತವೆ ಅಂದುಕೊಂಡಿದ್ದೆ. ಅವು ಇನ್ನೂ ಬದುಕಿವೆ.

ಕೊಪ್ಪದಿಂದ ಉತ್ತರ

ಅಡಿಕೆಗೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಸಮಯ ಅಲ್ವಾ ಇದು. ಮಳೆ ನೀರಿನ ಡ್ರಮ್ಮಲ್ಲಿ ಯಾರಾದರೂ ಮೈಲುತುತ್ತ ಕದಡಿದ್ದರಾ ಕೇಳಿ ನೋಡಿ. ತಾಮ್ರ ಸ್ವಲ್ಪ ಸೇರಿದರೂ ಮೀನು ತಡೆಯಲ್ಲ. ಮೆದು ನೀರಲ್ಲಂತೂ ಇನ್ನೂ ಕಷ್ಟ.

ಹಾಸನದಿಂದ ಉತ್ತರ

ಕೊಪ್ಪದವರು ಹೇಳಿದ್ದು ಮಲೆನಾಡಲ್ಲಿ ಮೊದಲು ನೋಡಬೇಕಾದ್ದೇ. ಆದರೆ ಮಳೆ ನೀರಲ್ಲಿ ವಿಷ ಇದ್ದಿದ್ದರೆ ಬಕೆಟ್‌ನಲ್ಲಿರುವ ಎರಡು ಮೀನು ಉಳಿಯುತ್ತಿರಲಿಲ್ಲ, ಅವು ಅದೇ ನೀರಲ್ಲಿವೆ. ನಿಮ್ಮ ಬಕೆಟ್ಟೇ ಉತ್ತರ ಹೇಳುತ್ತಿದೆ ಅಂತ ನನಗೆ ಅನ್ನಿಸುತ್ತದೆ. ದಯವಿಟ್ಟು ಈಗಲೇ ನಾಲ್ಕೂ ಕಡೆಯ ನೀರು ಪರೀಕ್ಷೆ ಮಾಡಿ: ಟ್ಯಾಂಕ್, ಬಕೆಟ್, ಡ್ರಮ್, ಬೋರ್. ಪಿಎಚ್ ಒಂದೇ ಸಾಲದು, ಕೆಎಚ್ (ಪಿಎಚ್ ಇಳಿಯದಂತೆ ತಡೆಯುವ ಕ್ಷಾರದ ಅಳತೆ) ಬೇಕೇ ಬೇಕು. ದಿನಕ್ಕೆ ಎಷ್ಟು ಹೊತ್ತು ಫಿಲ್ಟರ್ ನಿಲ್ಲುತ್ತದೆ ಅಂತಲೂ ತಿಳಿಸಿ. ಅಲ್ಲಿಯವರೆಗೆ ಊಟ ಹಾಕಬೇಡಿ, ಔಷಧಿ ನಿಲ್ಲಿಸಿ.

ಮೂಡಿಗೆರೆಯಿಂದ

ಡ್ರಮ್ ಮುಟ್ಟಿದವರಿಲ್ಲ ಸರ್, ವಿಚಾರಿಸಿದೆ. ಫಿಲ್ಟರ್ ದಿನಕ್ಕೆ ಆರೇಳು ಗಂಟೆ ನಿಲ್ಲುತ್ತದೆ. ಏರ್ ಪಂಪ್ ಮಾತ್ರ ಬ್ಯಾಟರಿಯದ್ದು.

ಟ್ಯಾಂಕ್: ಪಿಎಚ್ 7.6, ಅಮೋನಿಯಾ 4.
ಬಕೆಟ್: ಪಿಎಚ್ 6 (ಕಿಟ್‌ನಲ್ಲಿ ಅದಕ್ಕಿಂತ ಕಡಿಮೆ ಅಂಕೆಯೇ ಇಲ್ಲ), ಅಮೋನಿಯಾ 8, ಕಡು ಹಸಿರು.
ಡ್ರಮ್: ಕೆಎಚ್ ಮೊದಲ ಹನಿಗೇ ಹಳದಿ, ಅಂದರೆ ಇಲ್ಲವೆಂಬಷ್ಟು.
ಬೋರ್: ಕೆಎಚ್ 13 ಹನಿ, ಪಿಎಚ್ 7.8.

ಅಮೋನಿಯಾ ಜಾಸ್ತಿ ಇರುವ ನೀರಲ್ಲಿ ಬದುಕಿ, ಕಡಿಮೆ ಇರುವ ನೀರಲ್ಲಿ ಸತ್ತವು. ಇದು ಹೇಗೆ ಸರ್?

ಹಾಸನದಿಂದ

ಕಿಟ್ ತೋರಿಸುವುದು ಒಟ್ಟು ಅಮೋನಿಯಾ. ನೀರಲ್ಲಿ ಅದು ಎರಡು ರೂಪದಲ್ಲಿ ಇರುತ್ತದೆ. ಅಮೋನಿಯಂ ಅಷ್ಟಾಗಿ ತೊಂದರೆ ಕೊಡುವುದಿಲ್ಲ. ಇನ್ನೊಂದು ಬಿಡಿ ಅಮೋನಿಯಾ, ಕಿವಿರು ಸುಡುವುದು ಅದೇ. ಯಾವುದು ಎಷ್ಟು ಅನ್ನುವುದು ಪಿಎಚ್ ಮೇಲೆ ನಿಂತಿದೆ. 25 ಡಿಗ್ರಿಯಲ್ಲಿ ಪಿಎಚ್ 6 ಇದ್ದರೆ ವಿಷದ ರೂಪ ಶೇಕಡಾ 0.1ಕ್ಕಿಂತ ಕಡಿಮೆ. ಪಿಎಚ್ 8 ಆದರೆ ಸುಮಾರು ಶೇಕಡಾ 5. ನೀವು ಅರ್ಧ ಅಮೋನಿಯಾ ಹೊರಗೆ ಚೆಲ್ಲಿದಿರಿ ನಿಜ, ಆದರೆ ಬೋರ್ ನೀರು ಪಿಎಚ್ ಎತ್ತಿತು. ಉಳಿದ ಅರ್ಧದಲ್ಲಿ ಒಂದು ಪಾಲು ಕೆಲವೇ ಗಂಟೆಯಲ್ಲಿ ವಿಷದ ರೂಪಕ್ಕೆ ತಿರುಗಿತು.

ಅದು ಅಷ್ಟು ಸೇರಿದ್ದು ಹೇಗೆ ಅಂದರೆ, ಫಿಲ್ಟರ್‌ನ ಬ್ಯಾಕ್ಟೀರಿಯಾ ಅಮೋನಿಯಾ ಅರಗಿಸುವಾಗ ನೀರಿನ ಕೆಎಚ್ ತಿನ್ನುತ್ತಾ ಹೋಗುತ್ತವೆ. ಒಂದು ಮಿಲಿಗ್ರಾಂ ಅಮೋನಿಯಾ ನೈಟ್ರೋಜನ್‌ಗೆ ಸುಮಾರು 7 ಮಿಲಿಗ್ರಾಂ ಕ್ಷಾರ ಬೇಕು. ಬೋರ್ ನೀರಲ್ಲಿ ಅದು ಧಾರಾಳ ಇತ್ತು. ಮಳೆ ನೀರಲ್ಲಿ ಇಲ್ಲವೇ ಇಲ್ಲ. ಕೆಎಚ್ ಮುಗಿದ ಮೇಲೆ ಪಿಎಚ್ ಜಾರಿತು, 6ರ ಹತ್ತಿರ ಬಂದಾಗ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸಿದವು. ಮೇಲೆ ಕರೆಂಟ್ ಕಾಟ, ಮೂರು ವಾರದ ಔಷಧಿ ಬೇರೆ. ಈ ಮೀನುಗಳ ಸರೋವರದಲ್ಲಿ ಪಿಎಚ್ 7.8ರಿಂದ 8.6. ನೀವು ಬೋರ್ ನೀರು ಆರಿಸಿದ್ದು ತಪ್ಪಲ್ಲ, ಅದನ್ನು ಒಂದೇ ಸಲ ಸುರಿದದ್ದು ಮಾತ್ರ ಮುಳುವಾಯಿತು. ನನ್ನ ಟ್ಯಾಂಕಲ್ಲೂ ಒಮ್ಮೆ ಹೀಗೇ ಆಗಿ ಹನ್ನೊಂದು ಮೀನು ಕಳೆದುಕೊಂಡಿದ್ದೇನೆ. ಆ ಸಂಕಟ ಗೊತ್ತು.

ಈಗ ಮಾಡಬೇಕಾದ್ದು. ಅರ್ಧ ಮಳೆ, ಅರ್ಧ ಬೋರ್ ಬೆರೆಸಿ, ಪಿಎಚ್ ಟ್ಯಾಂಕಿನದಕ್ಕಿಂತ ಮೇಲಿಲ್ಲ ಅಂತ ನೋಡಿಕೊಂಡು ದಿನಾ ಕಾಲು ಭಾಗ ಬದಲಾಯಿಸಿ. ನೀರು ತಣ್ಣಗಿರಬಾರದು. ಗಾಳಿ ಜೋರಾಗಿ ಬಿಡಿ. ಫಿಲ್ಟರ್ ಸ್ಪಾಂಜ್ ತೊಳೆಯಬೇಡಿ. ಬಕೆಟ್ ಮೀನಿಗೆ ಬೋರ್ ನೀರು ಸದ್ಯಕ್ಕೆ ತೋರಿಸಲೇಬೇಡಿ, ಮಳೆ ನೀರಲ್ಲೇ ಬದಲಾಯಿಸುತ್ತಾ ಮೊದಲು ಅಮೋನಿಯಾ ಇಳಿಸಿ.

ಬೇಲೂರು ದಾರಿಯಲ್ಲಿ ಹಾಸನಕ್ಕೆ ಬರುವಂತಿದ್ದರೆ ಬನ್ನಿ. ನನ್ನ ಫಿಲ್ಟರ್‌ನ ಹಳೇ ಸ್ಪಾಂಜ್ ಒಂದು ಕೊಡುತ್ತೇನೆ. ಟ್ಯಾಂಕ್ ನೀರಲ್ಲೇ ಒದ್ದೆಯಾಗಿ ಒಯ್ದು ಅದೇ ದಿನ ನಿಮ್ಮ ಫಿಲ್ಟರ್‌ಗೆ ತುರುಕಿ. ಸತ್ತ ಬ್ಯಾಕ್ಟೀರಿಯಾ ಹೊಸದಾಗಿ ಬೆಳೆಯಲು ವಾರಗಟ್ಟಲೆ ಬೇಕು. ಅಷ್ಟು ದಿನ ಕಾಯಬೇಡಿ.

ಮೂಡಿಗೆರೆಯಿಂದ, ಒಂಬತ್ತು ದಿನದ ನಂತರ

ಸ್ಪಾಂಜ್ ಕೊಟ್ಟಿದ್ದಕ್ಕೆ, ಊಟ ಹಾಕಿ ಕಳಿಸಿದ್ದಕ್ಕೆ ತುಂಬಾ ಧನ್ಯವಾದ ಸರ್. ಮಧ್ಯೆ ಒಂದು ಹೆಣ್ಣು ಜೀಬ್ರಾ ಹೋಯಿತು. ಆಮೇಲೆ ಯಾವುದೂ ಇಲ್ಲ. ಟ್ಯಾಂಕ್ ಅಮೋನಿಯಾ ಇವತ್ತು 0.25, ನೈಟ್ರೈಟ್ (ಬ್ಯಾಕ್ಟೀರಿಯಾ ಅಮೋನಿಯಾ ಅರಗಿಸುವಾಗ ಹುಟ್ಟುವುದು, ಇದೂ ಮೀನಿಗೆ ವಿಷ) ಸ್ವಲ್ಪ ಕಾಣಿಸುತ್ತಿದೆ. ಯೆಲ್ಲೋ ಲ್ಯಾಬ್ ಕಲ್ಲಿಗೆ ಬಾಯಿ ಹಾಕಿ ಪಾಚಿ ಮೇಯುತ್ತಿವೆ, ನೋಡಿ ಕಣ್ಣು ತುಂಬಿತು. ಬಕೆಟ್ಟಲ್ಲಿ ಅಮೋನಿಯಾ ಸೊನ್ನೆಗೆ ಬಂದಿದೆ, ಪಿಎಚ್ ಮಾತ್ರ ಇನ್ನೂ ಆರೇ. ಆ ಎರಡನ್ನು ಯಾವಾಗ ಟ್ಯಾಂಕಿಗೆ ಬಿಡಲಿ? ಕರೆಂಟ್ ಮತ್ತೆ ಹೋದರೆ ಮಳೆ ನೀರು ಹೇಗೆ ಹಾಕಲಿ?

ಹಾಸನದಿಂದ

ಟ್ಯಾಂಕಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಆದ ಮೇಲೆ. ಅದಕ್ಕೂ ಮೊದಲು ಎರಡು ಮೂರು ದಿನ ಟ್ಯಾಂಕ್ ನೀರನ್ನು ಸಣ್ಣ ಪೈಪಲ್ಲಿ ಹನಿ ಹನಿಯಾಗಿ ಬಕೆಟ್ಟಿಗೆ ಬಿಟ್ಟು ಪಿಎಚ್ ಸರಿಸಮ ಮಾಡಿ.

ಮಳೆ ನೀರು ಹಾಕಲೇಬೇಕಾದರೆ 100 ಲೀಟರಿಗೆ 15 ಗ್ರಾಂ ಅಡುಗೆ ಸೋಡಾ ಕರಗಿಸಿ, ಕೆಎಚ್ ಸುಮಾರು 5 ಏರುತ್ತದೆ. ಬೇಕಿಂಗ್ ಪೌಡರ್ ಅಲ್ಲ, ಬರೀ ಸೋಡಾ. ಅದನ್ನು ಡ್ರಮ್ಮಲ್ಲೇ ಕರಗಿಸಿ, ಟ್ಯಾಂಕಿಗೆ ನೇರ ಹಾಕಬೇಡಿ. ಗಡಸುತನಕ್ಕೆ ಬೋರ್ ನೀರು ಒಂದೆರಡು ಬಕೆಟ್ ಬೆರೆಸಿಕೊಳ್ಳಿ. ಫಿಲ್ಟರ್ ಒಳಗೆ ಒಂದು ಚೀಲ ಹವಳದ ಚೂರು ಇಡಿ, ಪಿಎಚ್ ಇಳಿದಂತೆ ಅದು ತಾನಾಗಿ ಕರಗಿ ಕೆಎಚ್ ಕೊಡುತ್ತದೆ. ಇನ್ವರ್ಟರ್ ಇದ್ದರೆ ಮೊದಲ ಲೈನ್ ಫಿಲ್ಟರ್‌ಗೆ ಕೊಡಿ. ಮಳೆ ನಿಲ್ಲುವವರೆಗೆ ವಾರಕ್ಕೊಮ್ಮೆ ಕೆಎಚ್ ನೋಡಿ, 4ಕ್ಕಿಂತ ಇಳಿದರೆ ಆ ದಿನವೇ ನನಗೆ ಹೇಳಿ.